ಮಾಸ್ತರು ಎಷ್ಟು ಮಂದಿ? ಗೋಡೆಯ ಮೇಲೆ ಬರೆಯದ ಲೆಕ್ಕ

ಚಿಗಟೇರಿ ಹೋಬಳಿಯ ಜನ ಊರು ಬಿಡದೆಯೇ ಮೂರು ಜಿಲ್ಲೆಗಳನ್ನು ಕಂಡವರು. 1997ರ ಆಗಸ್ಟ್‌ವರೆಗೆ ಅವರ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಗೆ ಸೇರಿತ್ತು. ಆಮೇಲೆ ಎರಡು ದಶಕ ದಾವಣಗೆರೆ. ದೀರ್ಘ ಹೋರಾಟದ ಬಳಿಕ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ಪ್ರತಿ ಸಲವೂ ಶಾಲೆಗಳ ಕಡತಗಳು ಒಬ್ಬ ಉಪನಿರ್ದೇಶಕರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಹೋದವು. ಕಡತದ ಜೊತೆ ಮಕ್ಕಳ ಪಾಲಿನ ಸೌಲಭ್ಯಗಳೂ ಸರಿದಾಡಿದವು. ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದು ಬಳ್ಳಾರಿ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ದಾವಣಗೆರೆಯಂಥ ಉಳಿದ ಜಿಲ್ಲೆಗಳು ಮರುವರ್ಷದವರೆಗೆ ಕಾದವು. 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಡಿ ವಿಶೇಷ ಮೀಸಲಾತಿ ಜಾರಿಯಾದಾಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಒಳಗಿದ್ದವು, ಪಕ್ಕದ ಹರಪನಹಳ್ಳಿ ಹೊರಗಿತ್ತು. ಬಳ್ಳಾರಿಗೆ ಮರಳಿದ ಮೇಲೆಯೇ ಈ ತಾಲ್ಲೂಕಿಗೂ ಅದು ಸಿಕ್ಕಿತು.

ಶಾಲೆಯ ಹಣೆಬರಹವನ್ನು ಬರೆಯುವವರು ಊರಿನಿಂದ ಎಷ್ಟು ದೂರದಲ್ಲಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಾಗಾದರೆ ಊರಿನವರ ಕೈಯಲ್ಲಿ ಏನಿದೆ? ಕಾನೂನಿನ ಪ್ರಕಾರ ಬಹಳವೇ ಇದೆ. ಅದರ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಹಳ್ಳಿಯಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, ಎಸ್‌ಡಿಎಂಸಿ ಎನ್ನುತ್ತಾರೆ.

ಶಾಲೆಯನ್ನು ಸ್ಥಳೀಯರು ನಡೆಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದವು. ಅಲ್ಲಿ ಡಿಸ್ಟ್ರಿಕ್ಟ್ ಬೋರ್ಡು, ತಾಲ್ಲೂಕು ಬೋರ್ಡುಗಳು ಶಾಲೆ ನಡೆಸುತ್ತಿದ್ದವು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆ ಜಿಲ್ಲೆಗೊಂದು ಶಿಕ್ಷಣ ಮಂಡಳಿಯನ್ನೂ ತಂದಿತು. ಹಳಬರ ಬಾಯಲ್ಲಿ ‘ಬೋರ್ಡ್ ಸಾಲಿ’, ‘ಬೋರ್ಡ್ ಹೈಸ್ಕೂಲು’ ಎಂಬ ಮಾತು ಉಳಿದದ್ದು ಆ ಕಾಲದಿಂದ. ಮಾಸ್ತರ ನೇಮಕ, ವರ್ಗಾವಣೆ ಬೋರ್ಡಿನ ಕೈಯಲ್ಲಿದ್ದುದರಿಂದ ಬೋರ್ಡಿನ ಅಧ್ಯಕ್ಷರ ಮರ್ಜಿ ಹಿಡಿಯುವುದು ಮಾಸ್ತರಿಗೆ ಅನಿವಾರ್ಯವಾಗಿತ್ತು. ತಾಲ್ಲೂಕು ಬೋರ್ಡುಗಳು 1934ರಲ್ಲಿ ರದ್ದಾದವು. ರಾಜ್ಯ ಸೇರಿದ ಮೇಲೆ ಶಿಕ್ಷಕರು ಸರ್ಕಾರಿ ನೌಕರರಾದರು; ಅವರಿಗೆ ಭದ್ರತೆ ಬಂತು, ಊರಿನ ದೊಡ್ಡವರ ಹಂಗು ತಪ್ಪಿತು. ಅದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಶಾಲೆಯ ಬಗ್ಗೆ ಮಾತಾಡುವ ಅಧಿಕಾರವೂ ಊರಿನಿಂದ ಹೊರಟುಹೋಯಿತು.

ಅದನ್ನು ಮರಳಿ ತರುವ ಪ್ರಯತ್ನ 2001ರಲ್ಲಿ ನಡೆಯಿತು. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಸರ್ಕಾರ ಆ ವರ್ಷದ ಏಪ್ರಿಲ್ 28ರಂದು ಆದೇಶ ಹೊರಡಿಸಿ, ಅಲ್ಲಿಯವರೆಗಿದ್ದ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಪ್ರತಿ ಶಾಲೆಗೂ ಎಸ್‌ಡಿಎಂಸಿ ರಚಿಸಿತು. ಹೊಸತನ ಇದ್ದದ್ದು ಒಂದೇ ಅಂಶದಲ್ಲಿ, ಆದರೆ ಅದು ದೊಡ್ಡದು: ಸಮಿತಿಯಲ್ಲಿ ಕೂರುವವರು ಊರಿನ ಗಣ್ಯರಲ್ಲ, ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳು. ಪೋಷಕರೆಲ್ಲ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಬೇಕು, ಆ ಪ್ರತಿನಿಧಿಗಳಲ್ಲೊಬ್ಬರು ಅಧ್ಯಕ್ಷರಾಗಬೇಕು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. 2006ರ ಮಾದರಿ ಬೈಲಾ ಇದನ್ನು ಗ್ರಾಮ ಪಂಚಾಯಿತಿಯ ಚೌಕಟ್ಟಿಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಇಂಥದೇ ಸಮಿತಿಯನ್ನು ಕಡ್ಡಾಯ ಮಾಡಿತು. ಅದರ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪಾಲಿರಬೇಕು.

ಲಂಬಾಣಿ ತಾಂಡಾಗಳು, ಪರಿಶಿಷ್ಟರ ಕೇರಿಗಳು ಹೆಚ್ಚಿರುವ ಹರಪನಹಳ್ಳಿ–ಕೂಡ್ಲಿಗಿ ಭಾಗದಲ್ಲಿ ಈ ಮಾತಿಗೆ ಬಹಳ ಬೆಲೆಯಿದೆ. ಊರ ಪಂಚಾಯಿತಿ ಕಟ್ಟೆಯಲ್ಲಿ ಹಿಂದೆ ಕೂತವರಿಗೆ ಶಾಲೆಯ ಸಭೆಯಲ್ಲಿ ಕುರ್ಚಿ ಸಿಗಬೇಕು ಎಂದು ಕಾನೂನೇ ಹೇಳುತ್ತದೆ.

ಕುರ್ಚಿಯೇನೋ ಸಿಕ್ಕಿತು, ಅದರಲ್ಲಿ ಕೂತು ಏನು ಮಾಡಬೇಕು? ಶಾಲೆ ಹೇಗೆ ನಡೆಯುತ್ತಿದೆ ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ಪರಿಶೀಲಿಸುವುದು. ಕಾಯ್ದೆ ಹೇಳುವ ಮುಖ್ಯ ಕೆಲಸಗಳು ಇವು. ವಾಸ್ತವದಲ್ಲಿ ಹೆಚ್ಚಿನ ಕಡೆ ನಡೆಯುವುದು ಮೂರನೆಯದು ಮಾತ್ರ, ಅದೂ ಅರೆಬರೆ. ಬ್ಯಾಂಕ್ ಖಾತೆ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುವುದರಿಂದ ಅಧ್ಯಕ್ಷರ ಸಹಿ ಬೇಕೇ ಬೇಕು. ಸಹಿ ಬೇಕಾದಾಗ ಸಭೆ ಸೇರುತ್ತದೆ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಲಾಗುತ್ತದೆ. ಎಷ್ಟೋ ಶಾಲೆಗಳಲ್ಲಿ ಪುಸ್ತಕವೇ ಸದಸ್ಯರ ಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತದೆ. ಮಹಿಳಾ ಸದಸ್ಯರ ಬದಲು ಅವರ ಗಂಡಂದಿರು ಬಂದು ಕೂರುವುದೂ ಉಂಟು.

ಇದರ ಹೊಣೆಯನ್ನು ಪೋಷಕರ ಮೇಲೆ ಹೊರಿಸುವುದು ಅನ್ಯಾಯ. ಇದು ಮಳೆಯಾಶ್ರಿತ ಸೀಮೆ. ಮೆಕ್ಕೆಜೋಳ, ಶೇಂಗಾ, ಜೋಳ ಕೈಕೊಟ್ಟ ವರ್ಷ ಕುಟುಂಬಗಳು ಮಲೆನಾಡಿನ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೊರಡುತ್ತವೆ. ಗುಳೆ ಹೋದ ಸದಸ್ಯರು ಸಭೆಗೆ ಬರುವುದು ಹೇಗೆ? ಊರಲ್ಲಿದ್ದವರಿಗೂ ಹಗಲು ಹನ್ನೊಂದಕ್ಕೆ ಸಭೆ ಎಂದರೆ ಒಂದು ದಿನದ ಕೂಲಿ ಹೋದಂತೆ. ಸೋಮವಾರ ಎತ್ತು ಹೂಡದ ಹಳ್ಳಿಗಳು ಈ ಕಡೆ ಇಂದಿಗೂ ಇವೆ. ಅಮಾವಾಸ್ಯೆಯಂದು ಹೊಲದ ಕೆಲಸಕ್ಕೆ ಬಿಡುವು. ಅಂಥ ದಿನ ನೋಡಿ, ಸಂಜೆಯ ಹೊತ್ತು ಸಭೆ ಕರೆದರೆ ಹಾಜರಾತಿ ತಾನಾಗಿ ಏರುತ್ತದೆ. ಸುತ್ತೋಲೆಗಳು ದಿನಾಂಕ ನಿಗದಿ ಮಾಡುವಾಗ ಊರಿನ ಪಂಚಾಂಗವನ್ನು ಯಾರೂ ಕೇಳುವುದಿಲ್ಲ.

ಇನ್ನು ಹಣದ ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000. ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ಕರೆಂಟು, ಸೀಮೆಸುಣ್ಣ, ಶೌಚಾಲಯ ತೊಳೆಸುವುದು, ಮುರಿದ ಬಾಗಿಲು, ರಾಷ್ಟ್ರೀಯ ಹಬ್ಬಗಳು ಎಲ್ಲ ಇದರೊಳಗೇ ಆಗಬೇಕು. ತಾಂಡಾದ ಪುಟ್ಟ ಶಾಲೆಗೆ ತಿಂಗಳಿಗೆ ಸಾವಿರ ರೂಪಾಯಿಯೂ ಬೀಳುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿ, ವಿರೋಧ ಎದ್ದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ವಾಪಸ್ ಪಡೆದದ್ದು ಸರಿ. ಉಚಿತ ಶಿಕ್ಷಣ ಮಗುವಿನ ಹಕ್ಕು ಎಂದ ಮೇಲೆ ಕೂಲಿಕಾರರ ಮುಂದೆ ಕೈಚಾಚುವುದು ತರವಲ್ಲ. ಆದರೆ ಅಂಥ ಸುತ್ತೋಲೆ ಹುಟ್ಟಿದ್ದೇ ಶಾಲೆಗಳ ಕೈ ಎಷ್ಟು ಬಿಗಿಯಾಗಿದೆ ಎಂಬುದನ್ನು ತೋರಿಸುತ್ತದೆ.

ಈ ಹತ್ತು, ಇಪ್ಪತ್ತೈದು ಸಾವಿರಕ್ಕೆ ಎಷ್ಟು ಕಾವಲು! ಜಂಟಿ ಸಹಿ, ಕ್ಯಾಷ್ ಬುಕ್ಕು, ವೋಚರು, ಲೆಕ್ಕ ತಪಾಸಣೆ. ಕಾವಲು ಇರಲಿ, ಬೇಡವೆಂದವರಿಲ್ಲ. ಆದರೆ ಒಬ್ಬ ಕಾಯಂ ಶಿಕ್ಷಕರ ಒಂದೇ ತಿಂಗಳ ಸಂಬಳ ಸಣ್ಣ ಶಾಲೆಯ ಇಡೀ ವರ್ಷದ ಅನುದಾನಕ್ಕಿಂತ ಹೆಚ್ಚು. ಶಾಲೆಗೆ ಸಲ್ಲಬೇಕಾದ ದೊಡ್ಡ ಸಂಪತ್ತು ಎಂದರೆ ಶಿಕ್ಷಕರ ಹುದ್ದೆಗಳು. ಆ ಹುದ್ದೆಗಳ ಲೆಕ್ಕ ಪೋಷಕರ ಮುಂದೆ ಬರುವುದೇ ಅಪರೂಪ. ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ, ಎಷ್ಟು ದಿನದಿಂದ ಖಾಲಿ, ಇದ್ದವರಲ್ಲಿ ಯಾರನ್ನು ಬೇರೆಡೆಗೆ ನಿಯೋಜನೆ ಮಾಡಲಾಗಿದೆ, ಅದನ್ನು ಮಾಡಿದವರು ಯಾರು? ಬಿಸಿಯೂಟದ ಬೇಳೆಕಾಳಿನ ಲೆಕ್ಕ ಕೇಳಬಲ್ಲ ತಾಯಿಗೆ ಗಣಿತದ ಮಾಸ್ತರು ಯಾಕಿಲ್ಲ ಎಂದು ಕೇಳಲು ಜಾಗವಿಲ್ಲ. ಪಾರದರ್ಶಕತೆ ಇರುವುದು ಸಣ್ಣ ಲೆಕ್ಕದಲ್ಲಿ, ಇಲ್ಲದಿರುವುದು ದೊಡ್ಡ ಲೆಕ್ಕದಲ್ಲಿ.

ಖಾಲಿ ಹುದ್ದೆಯ ಸಮಸ್ಯೆ ಎಷ್ಟು ಆಳದ್ದು ಎಂಬುದಕ್ಕೆ ಅಧಿಕೃತ ಅಂಕಿಗಳೇ ಸಾಕು. ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್‌ ವ್ಯವಸ್ಥೆಯ 2024–25ರ ಮಾಹಿತಿಯಂತೆ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷ ದಾಟಿವೆ, ಕರ್ನಾಟಕದಲ್ಲಿ ಏಳು ಸಾವಿರಕ್ಕೂ ಹೆಚ್ಚು. ಒಂದರಿಂದ ಐದನೇ ತರಗತಿಯವರೆಗೆ ಒಬ್ಬರೇ. ಅವರು ಬ್ಲಾಕ್ ಕಚೇರಿಗೆ ಸಭೆಗೆ ಹೋದ ದಿನ ಶಾಲೆಗೆ ಬೀಗ, ಇಲ್ಲವೇ ಬಿಸಿಯೂಟದ ಅಡುಗೆಯವರೇ ಮಕ್ಕಳನ್ನು ಕೂರಿಸಿಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೋ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಬೇಕು ಎನ್ನುತ್ತದೆ. ಆರರಿಂದ ಎಂಟರವರೆಗೆ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಕನಿಷ್ಠ. 26ನೇ ಸೆಕ್ಷನ್ ಇನ್ನೂ ಸ್ಪಷ್ಟ: ಯಾವುದೇ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಖಾಲಿ ಇರುವುದು ಶೇ 10ನ್ನು ಮೀರಕೂಡದು.

ನೇಮಕ ನಡೆಯುವುದೇ ಇಲ್ಲವೆ? ನಡೆಯುತ್ತದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಹೊರಟಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಮೇ ತಿಂಗಳಲ್ಲಿ ಪರೀಕ್ಷೆಯಾಯಿತು. ಆಯ್ಕೆ ಪಟ್ಟಿಯಲ್ಲಿ ಬಂದವರು 13 ಸಾವಿರ ಚಿಲ್ಲರೆ. ಉಳಿದ ಹುದ್ದೆಗಳಿಗೆ ಅರ್ಹರೇ ಸಿಗಲಿಲ್ಲ. ಆಮೇಲೆ ವಿವಾಹಿತ ಮಹಿಳೆಯರು ಸಲ್ಲಿಸಬೇಕಾದ ಜಾತಿ–ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದೋ ಗಂಡನ ಹೆಸರಿನದೋ ಎಂಬ ತಕರಾರು ಹೈಕೋರ್ಟ್ ಮೆಟ್ಟಿಲೇರಿತು. ನೇಮಕಾತಿ ಆದೇಶ ಕೈಗೆ ಬರುವಾಗ 2023 ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಆರನೇ ತರಗತಿಯಲ್ಲಿದ್ದ ಮಗು ಎಂಟಕ್ಕೆ ಬಂದಿತ್ತು.

ಸೇರಿದ ಶಿಕ್ಷಕರು ನಿಲ್ಲುವುದೂ ಸುಲಭವಲ್ಲ. ರಾಜ್ಯದಲ್ಲಿ ಶಿಕ್ಷಕರ ವರ್ಗಾವಣೆಗೇ ಪ್ರತ್ಯೇಕ ಕಾಯ್ದೆಯಿದೆ, ಮೊದಲು 2007ರದ್ದು, ಈಗ 2020ರದ್ದು. ಕೌನ್ಸೆಲಿಂಗ್ ಮೂಲಕವೇ ವರ್ಗಾವಣೆಯಾಗಬೇಕು. ಕಾಲು ಭಾಗಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲ್ಲೂಕಿನಿಂದ ಹೊರಗೆ ಬಿಡುವುದಿಲ್ಲ ಎಂಬ ನಿರ್ಬಂಧವೂ ಉಂಟು. ಹಿಂದುಳಿದ ತಾಲ್ಲೂಕುಗಳ ಮಕ್ಕಳಿಗೆ ಇದು ರಕ್ಷಣೆ. ಆದರೆ ದೂರದ ಊರಿನಿಂದ ಬಂದು ವರ್ಷಾನುಗಟ್ಟಲೆ ಸಂಸಾರದಿಂದ ದೂರ ಉಳಿದ ಶಿಕ್ಷಕಿಗೆ ಇದು ಸಂಕಟ. ಸ್ಥಳೀಯರು ಶಿಕ್ಷಕರಾದಷ್ಟೂ ಈ ಸಂಕಟ ತಗ್ಗುತ್ತದೆ. 371ಜೆ ಅಡಿ ಸಿ ವರ್ಗದ ಸರ್ಕಾರಿ ಹುದ್ದೆಗಳಲ್ಲಿ ಶೇ 80ನ್ನು ಈ ಭಾಗದವರಿಗೆ ಮೀಸಲಿಟ್ಟದ್ದರ ನಿಜವಾದ ಫಲ ಕಾಣಬೇಕಾದದ್ದು ಇಲ್ಲಿ. ಚಿಗಟೇರಿಯ ಹುಡುಗಿ ಬಿ.ಇಡಿ. ಮುಗಿಸಿ ಕೊಟ್ಟೂರಿನಲ್ಲೋ ಹಡಗಲಿಯಲ್ಲೋ ಪಾಠ ಮಾಡಿದರೆ ವರ್ಗಾವಣೆಯ ಗೊಡವೆ ಅರ್ಧ ಕಡಿಮೆ.

ಖಾಲಿ ಜಾಗಕ್ಕೆ ಸರ್ಕಾರ ಕಂಡುಕೊಂಡ ದಾರಿ ಅತಿಥಿ ಶಿಕ್ಷಕರು. ಅವರನ್ನು ಆರಿಸುವುದು ಶಾಲೆಯ ಮಟ್ಟದಲ್ಲೇ. ಎಸ್‌ಡಿಎಂಸಿಗೆ ಶಿಕ್ಷಕರ ವಿಷಯದಲ್ಲಿ ಕೈಯಾಡಿಸಲು ಸಿಗುವ ಒಂದೇ ಅವಕಾಶ ಇದು. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2022ರಲ್ಲಿ 10,000 ರೂಪಾಯಿಗೆ ಏರಿತು, 2025–26ರ ಬಜೆಟ್‌ನಲ್ಲಿ ಮತ್ತೆ 2,000 ಹೆಚ್ಚಿತು. ಬೇಸಿಗೆ ರಜೆಗೆ ಸಂಬಳವಿಲ್ಲ, ಮುಂದಿನ ಜೂನ್‌ಗೆ ಕರೆ ಬರುತ್ತದೆಂಬ ಖಾತ್ರಿಯಿಲ್ಲ. ಅದೇ ಊರಿನವರಾದ್ದರಿಂದ ಬಹಳಷ್ಟು ಕಡೆ ಇವರೇ ಶಾಲೆಯನ್ನು ಎತ್ತಿ ನಿಲ್ಲಿಸಿದ್ದಾರೆ. ಆದರೂ ಹೊರಗಿನ ಒಂದು ಅನುಭವವನ್ನು ನೆನೆಯಬೇಕು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಅಂತರ್ಯುದ್ಧದಿಂದ ಹೊರಬರುತ್ತಿದ್ದಾಗ, 1991ರಲ್ಲಿ, ಹಳ್ಳಿಯ ಪೋಷಕರ ಸಂಘಗಳೇ ವರ್ಷದ ಗುತ್ತಿಗೆ ಮೇಲೆ ಶಿಕ್ಷಕರನ್ನು ನೇಮಿಸುವ ‘ಎಡುಕೊ’ ಯೋಜನೆ ಆರಂಭಿಸಿತು. ಶಾಲೆಯೇ ಇಲ್ಲದ ಊರುಗಳಿಗೆ ಶಾಲೆ ಬಂತು, ಮಾಸ್ತರು ದಿನವೂ ಬಂದರು, ಜಗತ್ತು ಮೆಚ್ಚಿತು. ಆದರೆ ಗುತ್ತಿಗೆಯ ಅಭದ್ರತೆಯ ವಿರುದ್ಧ ಶಿಕ್ಷಕರು ನಿರಂತರ ಹೋರಾಡಿದರು. ಎರಡು ದಶಕಗಳಲ್ಲಿ ಆ ಪದ್ಧತಿ ಮುಗಿಯಿತು. ಊರಿಗೆ ದನಿ ಇರಬೇಕು, ಆದರೆ ಶಿಕ್ಷಕರ ಅನ್ನ ಊರಿನ ಮರ್ಜಿಯ ಮೇಲೆ ನಿಲ್ಲಬಾರದು. ಹಳೆಯ ಬೋರ್ಡುಗಳ ಕಾಲದಲ್ಲಿ ಈ ಸೀಮೆಯೂ ಕಂಡ ಸತ್ಯವೇ ಇದು.

ಅಮೆರಿಕದಲ್ಲಿ ಸ್ಥಳೀಯ ಶಾಲಾ ಮಂಡಳಿಗಳಿಗೆ ಜನ ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ. ಮಂಡಳಿ ಬಜೆಟ್ ಮಾಡುತ್ತದೆ, ಶಾಲೆಗಳ ಮುಖ್ಯಾಧಿಕಾರಿಯನ್ನು ನೇಮಿಸುತ್ತದೆ, ಸಭೆಗಳು ಸಾರ್ವಜನಿಕರೆದುರು ನಡೆಯುತ್ತವೆ. ಅಷ್ಟು ಅಧಿಕಾರ ಎಸ್‌ಡಿಎಂಸಿಗೆ ಇಲ್ಲ, ಬರುವ ಸೂಚನೆಯೂ ಇಲ್ಲ. ಬಾಗಿಲು ತೆರೆದು ಸಭೆ ನಡೆಸುವುದಕ್ಕಂತೂ ಯಾವ ಹೊಸ ಅಧಿಕಾರವೂ ಬೇಕಿಲ್ಲ.

ಮಾಸ್ತರು ಸಾಲಿಗೆ ಬರುವುದೇ ಇಲ್ಲ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಶಾಲೆಯಲ್ಲಿ ಇಲ್ಲದಿದ್ದ ಶಿಕ್ಷಕರು ಶೇ 18.5ರಷ್ಟಿದ್ದರು. ಆದರೆ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆಯಲ್ಲಿದ್ದರು, ಇಲ್ಲವೇ ತರಬೇತಿ, ಸಭೆ, ಇತರ ಸರ್ಕಾರಿ ಕೆಲಸಗಳ ಮೇಲೆ ಹೋಗಿದ್ದರು. 2025ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಶಿಕ್ಷಕರು ಮನೆಮನೆ ಸುತ್ತಬೇಕಾದ್ದರಿಂದ ದಸರಾ ರಜೆ ಮುಗಿದ ಮೇಲೂ ಅಕ್ಟೋಬರ್ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ವಿಸ್ತರಿಸಲಾಯಿತು. ಖಾಸಗಿ ಶಾಲೆಯ ಮಕ್ಕಳು ಆಗ ಪಾಠ ಕೇಳುತ್ತಿದ್ದರು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಅದರ ಬೆಲೆಯನ್ನು ಬಡವರ ಮಕ್ಕಳೇ ತೆರಬೇಕೆ ಎಂಬುದು ಎಸ್‌ಡಿಎಂಸಿ ಕೇಳಬೇಕಾದ ಪ್ರಶ್ನೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 25ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಇನ್ನೊಂದು ಶಾಲೆಗೋ ಕಚೇರಿಗೋ ಕೆಲಸಕ್ಕೆ ಕಳಿಸಬಾರದು ಎನ್ನುತ್ತದೆ. ಬ್ಲಾಕ್‌ಗಳಲ್ಲಿ ‘ನಿಯೋಜನೆ’ ಎಂಬ ಹೆಸರಿನಲ್ಲಿ ಸಲೀಸಾಗಿ ನಡೆಯುವ ವ್ಯವಹಾರಕ್ಕೆ ಈ ಕಾನೂನು ನೇರ ಅಡ್ಡಿ. ಇದು ಗೊತ್ತಿರುವ ಪೋಷಕರು ಎಷ್ಟು ಮಂದಿ?

ಕಾಸರಗೋಡಿನಲ್ಲಿ ಈ ತಿಳಿವಳಿಕೆ ಎಂಥ ಕೆಲಸ ಮಾಡುತ್ತದೆ ಎಂಬುದನ್ನು ಕನ್ನಡಿಗರು ಕಂಡಿದ್ದಾರೆ. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗಲೆಲ್ಲ ಪೋಷಕರು, ವಿದ್ಯಾರ್ಥಿಗಳು ಶಾಲೆಯ ಗೇಟಿನ ಮುಂದೆ ನಿಂತಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ. ಹುದ್ದೆ ಭರ್ತಿಯಾಯಿತು ಎಂಬ ಲೆಕ್ಕ ಅವರಿಗೆ ಸಾಕಾಗಲಿಲ್ಲ. ಮಗುವಿಗೆ ಪಾಠ ಅರ್ಥವಾಗುತ್ತದೆಯೆ ಎಂದು ಕೇಳಿದರು.

ಚಿಗಟೇರಿ ಹೋಬಳಿಯ ಪೋಷಕರಿಗೆ ಗೇಟಿನ ಮುಂದೆ ನಿಲ್ಲುವ ಮೊದಲು ಇನ್ನೊಂದು ದಾರಿಯಿದೆ. ಶಾಲಾ ಅಭಿವೃದ್ಧಿ ಯೋಜನೆ ಎಂಬ ಕಾಗದ. ಹೆಚ್ಚಿನ ಕಡೆ ಮುಖ್ಯ ಶಿಕ್ಷಕರು ನಮೂನೆ ತುಂಬಿ ಕಳಿಸುವ ಈ ಕಾಗದವನ್ನು ಸಮಿತಿ ಕಣ್ಣೆತ್ತಿ ನೋಡಿರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳಂತೆ ಇದು ಮೂರು ವರ್ಷದ ಯೋಜನೆ. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಹೊತ್ತಿಗೆ ಸಿದ್ಧವಾಗಬೇಕು. ಅದರಲ್ಲಿ ತರಗತಿವಾರು ಮಕ್ಕಳ ಸಂಖ್ಯೆ, ಬೇಕಾದ ಕೊಠಡಿಗಳ ಜೊತೆಗೆ ಎಷ್ಟು ಶಿಕ್ಷಕರು ಹೆಚ್ಚುವರಿಯಾಗಿ ಬೇಕು, ಮುಖ್ಯ ಶಿಕ್ಷಕರು ಇದ್ದಾರೆಯೆ, ಯಾವ ವಿಷಯಕ್ಕೆ ಶಿಕ್ಷಕರಿಲ್ಲ ಎಂಬುದನ್ನು ಬರೆಯಲೇಬೇಕು. ಸರ್ಕಾರದ ಅನುದಾನಕ್ಕೆ ಈ ಯೋಜನೆಯೇ ಆಧಾರ ಎಂದು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಅಂದರೆ ಶಿಕ್ಷಕರನ್ನು ಕೇಳುವ ಹಕ್ಕು ಸಮಿತಿಗೆ ಬರವಣಿಗೆಯಲ್ಲೇ ಇದೆ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪೋಷಕರೆಲ್ಲ ಸೇರಿದಾಗ ಮಕ್ಕಳ ಅಂಕಪಟ್ಟಿಯ ಜೊತೆ ಈ ಯೋಜನೆಯನ್ನೂ ಗಟ್ಟಿಯಾಗಿ ಓದಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳುವ ಮೊದಲೇ ತಮ್ಮ ಸಿಬ್ಬಂದಿಯ ವಿವರವನ್ನು ಪ್ರಕಟಿಸಬೇಕೆನ್ನುತ್ತದೆ. ಶಾಲೆಯ ಮುಂಗೋಡೆಯ ಮೇಲೆ ಮಂಜೂರಾದ ಹುದ್ದೆ, ಇರುವವರು, ಖಾಲಿ ಬಿದ್ದ ದಿನಾಂಕ, ನಿಯೋಜನೆ ಮೇಲೆ ಹೋದವರು, ಅತಿಥಿ ಶಿಕ್ಷಕರು ಎಂದು ಐದು ಸಾಲು ಬರೆಸಿದರೆ ಪೋಷಕರು ಮಾಸ್ತರ ಮೇಲೆ ಸಿಟ್ಟಾಗುವುದೂ ತಪ್ಪುತ್ತದೆ. ಇರುವ ಒಬ್ಬ ಶಿಕ್ಷಕರು ಮೂವರ ಕೆಲಸ ಮಾಡುತ್ತಿದ್ದಾರೆಂಬುದು ಊರಿಗೆ ತಿಳಿಯುತ್ತದೆ. ಸಿಟ್ಟು ಹೋಗಬೇಕಾದ ಕಡೆ ಹೋಗುತ್ತದೆ.

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಎಸ್‌ಡಿಎಂಸಿ ಸದಸ್ಯರು ಈ ಡಿಸೆಂಬರ್‌ನಲ್ಲಿ ತಮ್ಮ ಶಾಲೆಯ ಯೋಜನೆಯನ್ನು ಕೇಳಿ ತರಿಸಿಕೊಂಡು, ಶಿಕ್ಷಕರ ಕಾಲಂ ನೋಡಿಯೇ ಸಹಿ ಹಾಕಲಿ. ಹುದ್ದೆ ಖಾಲಿಯೇ ಉಳಿದರೆ ಸಾದಾ ಕಾಗದದಲ್ಲಿ ದೂರು ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ಆ ದೂರನ್ನು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.